ಅಕ್ಷಿಪಟಲ ಕಳಚಿದಾಗ: ಸೂಕ್ಷ್ಮ ರಂಧ್ರದ ಶಸ್ತ್ರಚಿಕಿತ್ಸೆ ಮತ್ತು ಕಾಲದ ಬೆಲೆ

ಭಾರತದಲ್ಲಿ ಅಂಧತ್ವಕ್ಕೆ ಮೊದಲ ಕಾರಣ ಕಣ್ಣಿನ ಪೊರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ತುಂಬಿದವರಲ್ಲಿ ಕಂಡುಬರುವ ಅಂಧತ್ವದ ಸುಮಾರು ಶೇ. 66ರಷ್ಟಕ್ಕೆ ಪೊರೆಯೇ ಕಾರಣವಾಗಿದೆ. 1976ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಈ ಕಾರಣದಿಂದಲೇ ಪೊರೆಯ ನಿವಾರಣೆಗೆ ಹೆಚ್ಚಿನ ಒತ್ತು ನೀಡುತ್ತ ಬಂದಿದೆ. ಕರ್ನಾಟಕದಲ್ಲಿ ಡಾ. ಎಂ. ಸಿ. ಮೋದಿ (1916–2005) ಅವರು ಊರೂರಿಗೆ ಹೋಗಿ ನಡೆಸಿದ ನೇತ್ರ ಶಿಬಿರಗಳು ಇಂದಿಗೂ ಹಿರಿಯರ ನೆನಪಿನಲ್ಲಿವೆ. ಇಂಥ ಪ್ರಯತ್ನಗಳ ಫಲವಾಗಿ ಅಸಂಖ್ಯಾತ ಜನರು ಮರಳಿ ಬೆಳಕು ಕಂಡಿದ್ದಾರೆ.

ಆದರೆ ಪೊರೆಯ ಅನುಭವದಿಂದ ಜನಮನದಲ್ಲಿ ಇನ್ನೊಂದು ಭಾವನೆಯೂ ಬೇರೂರಿದೆ. ಕಣ್ಣು ಮಂಜಾದರೆ ಅವಸರವೇನೂ ಇಲ್ಲ. ಪೊರೆ ಬಲಿಯಲಿ, ಸುಗ್ಗಿ ಮುಗಿಯಲಿ, ಶಿಬಿರ ಬರಲಿ, ಆಗ ನೋಡಿದರಾಯಿತು ಎಂಬುದೇ ಆ ಭಾವನೆ. ಪೊರೆಯ ವಿಷಯದಲ್ಲಿ ಕೆಲವು ತಿಂಗಳು ಕಾದರೂ ಸಾಮಾನ್ಯವಾಗಿ ಕಣ್ಣು ಕೈತಪ್ಪುವುದಿಲ್ಲ. ಆದರೆ ಇದೇ ಅಭ್ಯಾಸವನ್ನು ಮತ್ತೊಂದು ಕಾಯಿಲೆಗೆ ಅನ್ವಯಿಸಿದರೆ ಅನಾಹುತವಾಗುತ್ತದೆ. ಆ ಕಾಯಿಲೆಯೇ ಅಕ್ಷಿಪಟಲದ ಕಳಚುವಿಕೆ. ಇದರಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸೋರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಕಣ್ಣು ಆರೋಗ್ಯವಾಗಿಯೇ ಕಾಣುತ್ತದೆ. ಆದರೂ ಕೆಲವೇ ದಿನಗಳಲ್ಲಿ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು. ಸಕಾಲದಲ್ಲಿ ತಜ್ಞರ ಬಳಿಗೆ ಹೋದವರಿಗೆ ಇಂದು ಅತ್ಯಂತ ಸೂಕ್ಷ್ಮವಾದ, ಬಹುಮಟ್ಟಿಗೆ ಹೊಲಿಗೆಯೂ ಬೇಡದ ಶಸ್ತ್ರಚಿಕಿತ್ಸೆ ಲಭ್ಯವಿದೆ.

ಹೈದರಾಬಾದ್ ಮತ್ತು ಕನ್ನಡ ನಾಡು

ಬೀದರ್, ಕಲಬುರಗಿ ಮತ್ತು ರಾಯಚೂರು ಪ್ರದೇಶಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ನಂತರವೂ ಚಿಕಿತ್ಸೆ, ವ್ಯಾಪಾರ ಮತ್ತು ವಿದ್ಯಾಭ್ಯಾಸಗಳಿಗಾಗಿ ಈ ಭಾಗದ ಜನರು ಹೈದರಾಬಾದಿಗೆ ಹೋಗಿಬರುವುದು ನಿಂತಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ 550 ಕಿಲೋಮೀಟರಿಗೂ ಹೆಚ್ಚು ದೂರವಿದ್ದರೆ, ಹೈದರಾಬಾದಿಗೆ ಸುಮಾರು 220 ಕಿಲೋಮೀಟರು. ಬೀದರಿನಿಂದಲಾದರೆ ಸುಮಾರು 140 ಕಿಲೋಮೀಟರು ಮಾತ್ರ. ತುರ್ತು ಚಿಕಿತ್ಸೆ ಬೇಕಾದಾಗ ಈ ಅಂತರವು ಮಹತ್ವದ್ದಾಗುತ್ತದೆ.

ಹೈದರಾಬಾದಿನ ನಡುಭಾಗದಲ್ಲಿರುವ ಅಮೀರ್‌ಪೇಟ್ ಎರಡು ಕಾರಣಗಳಿಂದ ಇಲ್ಲಿ ಪ್ರಸ್ತುತವಾಗಿದೆ. ಮೊದಲನೆಯದಾಗಿ, ಅಮೀರ್‌ಪೇಟ್ ಮತ್ತು ಅದರ ನೆರೆಯ ಪಂಜಾಗುಟ್ಟ, ಬಂಜಾರಾ ಹಿಲ್ಸ್ ಬಡಾವಣೆಗಳಲ್ಲಿ ಅನೇಕ ಆಸ್ಪತ್ರೆಗಳೂ ಕಣ್ಣಿನ ಚಿಕಿತ್ಸಾಲಯಗಳೂ ಇವೆ. 2017ರ ನವೆಂಬರಿನಲ್ಲಿ ಮೆಟ್ರೋ ರೈಲು ಆರಂಭವಾದ ಮೇಲೆ, ಎರಡು ಮಾರ್ಗಗಳು ಕೂಡುವ ಅಮೀರ್‌ಪೇಟ್ ನಿಲ್ದಾಣವನ್ನು ತಲುಪುವುದು ಹೊರ ಊರಿನವರಿಗೂ ಸುಲಭವಾಗಿದೆ. ಎರಡನೆಯದಾಗಿ, ಅಮೀರ್‌ಪೇಟ್ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಹೆಸರಾದ ಸ್ಥಳ. ಕರ್ನಾಟಕದ ಗಡಿ ಜಿಲ್ಲೆಗಳೂ ಸೇರಿದಂತೆ ಹಲವು ಕಡೆಗಳ ತರುಣ ತರುಣಿಯರು ಇಲ್ಲಿನ ಹಾಸ್ಟೆಲುಗಳಲ್ಲಿ ಉಳಿದು ಕಲಿಯುತ್ತಾರೆ. ಅವರಲ್ಲಿ ದಪ್ಪ ಕನ್ನಡಕ ಧರಿಸಿದವರು ಈ ಕಾಯಿಲೆಯ ಬಗ್ಗೆ ವಿಶೇಷವಾಗಿ ಅರಿತಿರಬೇಕಾದವರು. ಇದು ವೃದ್ಧರ ಕಾಯಿಲೆ ಮಾತ್ರವಲ್ಲ.

ಕಣ್ಣಿನ ಒಳರಚನೆ

ಮನುಷ್ಯನ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಅದರ ಗೋಡೆಯಲ್ಲಿ ಮುಖ್ಯವಾಗಿ ಮೂರು ಪದರಗಳಿವೆ. ಹೊರಗಿನದು ಗಟ್ಟಿಯಾದ ಬಿಳಿಯ ಪದರ. ನಡುವಿನದು ರಕ್ತನಾಳಗಳಿಂದ ತುಂಬಿದ ಪದರ. ಒಳಗಿನದು ವೈದ್ಯರು ರೆಟಿನಾ ಎಂದು ಕರೆಯುವ ಅಕ್ಷಿಪಟಲ. ಇದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಇಷ್ಟು ತೆಳುವಾದ ಹಾಳೆಯಲ್ಲಿ, ಮಬ್ಬು ಬೆಳಕಿನಲ್ಲಿ ನೋಡಲು ನೆರವಾಗುವ ಸುಮಾರು 12 ಕೋಟಿ ದಂಡಕೋಶಗಳೂ, ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗುರುತಿಸುವ ಸುಮಾರು 60 ಲಕ್ಷ ಶಂಕುಕೋಶಗಳೂ ಅಡಗಿವೆ. ಬೆಳಕಿನ ಸಂಕೇತಗಳು ಇಲ್ಲಿಂದ ದೃಷ್ಟಿನರದ ಮೂಲಕ ಮಿದುಳಿಗೆ ತಲುಪುತ್ತವೆ.

ಅಕ್ಷಿಪಟಲದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಕಿರಿದಾದ ಭಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಇವೆಲ್ಲವೂ ಈ ಭಾಗದಿಂದಲೇ ಸಾಧ್ಯ. ಕಣ್ಣುಗುಡ್ಡೆಯ ಒಳಗಿನ ಟೊಳ್ಳಿನಲ್ಲಿ ಗಾಜಿನಂತೆ ಪಾರದರ್ಶಕವಾದ ಲೋಳೆ ತುಂಬಿರುತ್ತದೆ. ವಿಟ್ರಿಯಸ್ ಎಂಬ ಹೆಸರಿನ ಈ ಲೋಳೆಯ ಪ್ರಮಾಣ ಸುಮಾರು 4 ಮಿಲಿಲೀಟರ್. ಅದರಲ್ಲಿ ಸುಮಾರು ಶೇ. 98ಕ್ಕೂ ಹೆಚ್ಚು ಭಾಗ ನೀರೇ. ಉಳಿದುದು ಸೂಕ್ಷ್ಮವಾದ ನಾರುಗಳು ಮತ್ತು ನೀರನ್ನು ಹಿಡಿದಿಡುವ ವಸ್ತುಗಳು.

ಬೆಳಕನ್ನು ಗ್ರಹಿಸುವ ಜೀವಕೋಶಗಳಿಗೆ ಬೇಕಾದ ಆಮ್ಲಜನಕ ಮತ್ತು ಪೋಷಣೆ ಮುಖ್ಯವಾಗಿ ಒದಗುವುದು ಹಿಂಬದಿಯ ರಕ್ತನಾಳಗಳ ಪದರದಿಂದ. ಅಕ್ಷಿಪಟಲವು ಆ ಪದರಕ್ಕೆ ಒತ್ತಿಕೊಂಡಿರುವ ತನಕ ಮಾತ್ರ ಈ ಪೂರೈಕೆ ಸರಿಯಾಗಿ ನಡೆಯುತ್ತದೆ. ಅಲ್ಲಿಂದ ಬೇರ್ಪಟ್ಟ ಅಕ್ಷಿಪಟಲವು ಬುಡದಿಂದ ಕಿತ್ತ ಸಸಿಯಂತೆ ಕ್ರಮೇಣ ಬಾಡತೊಡಗುತ್ತದೆ.

ಕಳಚುವಿಕೆ ಉಂಟಾಗುವ ಬಗೆ

ವಯಸ್ಸಾದಂತೆ ವಿಟ್ರಿಯಸ್ ಲೋಳೆಯು ತೆಳುವಾಗಿ ಕುಗ್ಗುತ್ತದೆ ಮತ್ತು ಅಕ್ಷಿಪಟಲದಿಂದ ಬಿಡಿಸಿಕೊಂಡು ಮುಂದೆ ಸರಿಯುತ್ತದೆ. ಬಹುತೇಕ ಜನರಲ್ಲಿ ಇದು ಯಾವ ತೊಂದರೆಯೂ ಇಲ್ಲದೆ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಲೋಳೆಯು ಎಲ್ಲಿಯೋ ಗಟ್ಟಿಯಾಗಿ ಅಂಟಿಕೊಂಡಿದ್ದು, ಸರಿಯುವಾಗ ಅಕ್ಷಿಪಟಲವನ್ನು ಜಗ್ಗಿ ಹರಿಯುತ್ತದೆ. ಆ ಹರಕಿನ ಮೂಲಕ ತೆಳುವಾದ ದ್ರವವು ಹಿಂದಕ್ಕೆ ನುಸುಳುತ್ತದೆ. ಮಳೆಗಾಲದಲ್ಲಿ ಗೋಡೆಯ ಬಿರುಕಿನಿಂದ ನೀರು ಒಳಸೇರಿದರೆ ಗಾರೆಯು ಉಬ್ಬಿ ಹಾಳೆಹಾಳೆಯಾಗಿ ಕಳಚುವುದನ್ನು ಎಲ್ಲರೂ ನೋಡಿರುತ್ತಾರೆ. ಕಣ್ಣಿನಲ್ಲಿ ಆಗುವುದೂ ಬಹುಮಟ್ಟಿಗೆ ಇದೇ. ಹರಕು ಒಂದೆರಡು ಮಿಲಿಮೀಟರಿನಷ್ಟೇ ಇದ್ದರೂ ಕಳಚುವಿಕೆಯು ಇಡೀ ಅಕ್ಷಿಪಟಲಕ್ಕೆ ಹರಡಬಲ್ಲದು.

ಹರಕಿನಿಂದ ಉಂಟಾಗುವ ಈ ಬಗೆಯ ಕಳಚುವಿಕೆಯು ವರ್ಷಕ್ಕೆ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತದೆಂದು ಅಂದಾಜು. ಇದಲ್ಲದೆ ಇನ್ನೆರಡು ಬಗೆಗಳಿವೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ಮೇಲೆ ಹೊಸ ರಕ್ತನಾಳಗಳೂ ನಾರುಪೊರೆಗಳೂ ಬೆಳೆದು, ಅವು ಕುಗ್ಗುವಾಗ ಅಕ್ಷಿಪಟಲವನ್ನು ಎಳೆದು ಕಳಚುವುದು ಒಂದು ಬಗೆ. ಉರಿಯೂತ ಅಥವಾ ಗಡ್ಡೆಗಳಿಂದ ಹಿಂದಿನ ಪದರದಲ್ಲಿ ದ್ರವ ಒಸರಿ ಅಕ್ಷಿಪಟಲವು ಮೇಲೇಳುವುದು ಮತ್ತೊಂದು ಬಗೆ. ಈ ಕೊನೆಯ ಬಗೆಗೆ ಸಾಮಾನ್ಯವಾಗಿ ಮೂಲ ಕಾಯಿಲೆಯ ಚಿಕಿತ್ಸೆಯೇ ಮುಖ್ಯ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಹೆಚ್ಚಿನ ಸಮೀಪದೃಷ್ಟಿ ಉಳ್ಳವರಿಗೆ ಅಪಾಯ ಹೆಚ್ಚು. ದೂರದ ವಸ್ತುಗಳು ಮಸುಕಾಗಿ ಕಂಡು ಮೈನಸ್ ಕನ್ನಡಕ ಬೇಕಾಗುವ ಇವರ ಕಣ್ಣುಗುಡ್ಡೆಯು ಸಾಮಾನ್ಯಕ್ಕಿಂತ ಉದ್ದವಾಗಿ ಬೆಳೆದಿರುತ್ತದೆ. ಅದರೊಂದಿಗೆ ಅಕ್ಷಿಪಟಲವು ಹಿಗ್ಗಿ ಅಂಚಿನಲ್ಲಿ ತೆಳುವಾಗಿರುತ್ತದೆ. ಕನ್ನಡಕದ ಶಕ್ತಿ ಮೈನಸ್ ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಲೇಸರ್ ಚಿಕಿತ್ಸೆಯಿಂದ ಕನ್ನಡಕವನ್ನು ತೆಗೆಸಿಕೊಂಡ ಯುವಕರು ತಮಗಿನ್ನು ಅಪಾಯವಿಲ್ಲವೆಂದು ಭಾವಿಸುತ್ತಾರೆ. ಆ ಚಿಕಿತ್ಸೆಯು ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಆಕಾರವನ್ನು ಬದಲಿಸುತ್ತದೆಯೇ ಹೊರತು ಕಣ್ಣುಗುಡ್ಡೆಯ ಉದ್ದವನ್ನಲ್ಲ. ಹಿಗ್ಗಿ ತೆಳುವಾದ ಅಕ್ಷಿಪಟಲವು ಮೊದಲಿನಂತೆಯೇ ಇರುತ್ತದೆ.

ಪೊರೆಯ ಶಸ್ತ್ರಚಿಕಿತ್ಸೆ ಆದವರು, ಕಣ್ಣಿಗೆ ಚೆಂಡು, ಕೋಲು ಅಥವಾ ಪಟಾಕಿಯ ಏಟು ಬಿದ್ದವರು, ಒಂದು ಕಣ್ಣಿನಲ್ಲಿ ಈಗಾಗಲೇ ಕಳಚುವಿಕೆ ಆದವರು ಹಾಗೂ ಕುಟುಂಬದಲ್ಲಿ ಈ ಕಾಯಿಲೆ ಇರುವವರು ಕೂಡ ಜಾಗರೂಕರಾಗಿರಬೇಕು. ಸಕ್ಕರೆ ಕಾಯಿಲೆಯವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು. ಅವಧಿಗೆ ಮೊದಲೇ ಹುಟ್ಟಿದ ಕಡಿಮೆ ತೂಕದ ಶಿಶುಗಳ ಕಣ್ಣುಗಳನ್ನು ಜನಿಸಿದ ಕೆಲವೇ ವಾರಗಳೊಳಗೆ ತಜ್ಞರು ಪರೀಕ್ಷಿಸುವುದು ಅವಶ್ಯಕ.

ಎಚ್ಚರಿಕೆಯ ಲಕ್ಷಣಗಳು

ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಆದ್ದರಿಂದ ಅದು ನೋಟದ ಮೂಲಕವೇ ಎಚ್ಚರಿಕೆ ನೀಡುತ್ತದೆ. ಆ ಎಚ್ಚರಿಕೆಗಳು ಹೀಗಿವೆ:

ಮೊದಲನೆಯದು, ಕಣ್ಣೆದುರು ಒಮ್ಮೆಗೇ ಕಪ್ಪು ಚುಕ್ಕೆಗಳು, ಎಳೆಗಳು ಅಥವಾ ಜೇಡರ ಬಲೆಯಂಥ ಆಕೃತಿಗಳು ತೇಲತೊಡಗುವುದು. ಬಹುಕಾಲದಿಂದ ಇರುವ ಒಂದೆರಡು ಚುಕ್ಕೆಗಳು ಸಾಮಾನ್ಯವಾಗಿ ಅಪಾಯಕರವಲ್ಲ. ಹೊಸದಾಗಿ, ಹೆಚ್ಚಿನ ಸಂಖ್ಯೆಯಲ್ಲಿ ಕಾಣಿಸುವುದು ಆತಂಕದ ಸಂಗತಿ.

ಎರಡನೆಯದು, ಕತ್ತಲೆಯಲ್ಲಿಯೂ ಕಣ್ಣಿನ ಮೂಲೆಯಲ್ಲಿ ಮಿಂಚಿದಂತಾಗುವುದು. ಲೋಳೆಯು ಅಕ್ಷಿಪಟಲವನ್ನು ಜಗ್ಗಿದಾಗ ಮಿದುಳು ಅದನ್ನು ಬೆಳಕೆಂದೇ ಗ್ರಹಿಸುತ್ತದೆ.

ಮೂರನೆಯದು, ನೋಟದ ಒಂದು ಬದಿಯಿಂದ ನೆರಳು ಅಥವಾ ಪರದೆ ಸರಿದುಬಂದಂತೆ ಕಾಣುವುದು. ಕಣ್ಣಿನಲ್ಲಿ ಬಿಂಬವು ತಲೆಕೆಳಗಾಗಿ ಮೂಡುವುದರಿಂದ, ಅಕ್ಷಿಪಟಲದ ಮೇಲ್ಭಾಗ ಕಳಚಿದರೆ ನೆರಳು ಕೆಳಗಿನಿಂದ ಏರಿದಂತೆ ತೋರುತ್ತದೆ.

ನಾಲ್ಕನೆಯದು, ನಡುವಿನ ನೋಟ ಮಂಕಾಗುವುದು, ನೇರವಾದ ಗೆರೆಗಳು ಸೊಟ್ಟಗೆ ಕಾಣುವುದು.

ಮೊದಲೆರಡು ಲಕ್ಷಣಗಳು ಹಠಾತ್ತನೆ ಕಾಣಿಸಿಕೊಂಡ ನೂರು ಜನರಲ್ಲಿ ಹತ್ತರಿಂದ ಹದಿನೈದು ಮಂದಿಯ ಅಕ್ಷಿಪಟಲದಲ್ಲಿ ಹರಕು ಇರುತ್ತದೆ. ಈ ಹಂತದಲ್ಲಿಯೇ ಪತ್ತೆಯಾದರೆ ಹರಕಿನ ಸುತ್ತ ಲೇಸರ್ ಕಿರಣಗಳಿಂದ ಬೇಲಿ ಹಾಕಿದಂತೆ ಬೆಸೆದು ಕಳಚುವಿಕೆಯನ್ನೇ ತಡೆಯಬಹುದು. ಇದು ಹೊರರೋಗಿ ವಿಭಾಗದಲ್ಲಿ ಕೆಲವು ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆ.

ಎರಡೂ ಕಣ್ಣುಗಳು ತೆರೆದಿರುವಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮರೆಮಾಚುತ್ತದೆ. ಆದಕಾರಣ ಆಗಾಗ ಒಂದೊಂದು ಕಣ್ಣನ್ನೂ ಅಂಗೈಯಿಂದ ಮುಚ್ಚಿ, ಎದುರಿನ ಕ್ಯಾಲೆಂಡರನ್ನೋ ಬಾಗಿಲ ಚೌಕಟ್ಟನ್ನೋ ನೋಡುವ ಅಭ್ಯಾಸವಿರಬೇಕು. ಇದಕ್ಕೆ ಖರ್ಚಿಲ್ಲ, ಆದರೆ ಇದರಿಂದ ಒಂದು ಕಣ್ಣು ಉಳಿಯಬಹುದು.

ಕಾಲದ ಬೆಲೆ

ಈ ಕಾಯಿಲೆಯಲ್ಲಿ ತಜ್ಞರು ಮೊದಲು ಗಮನಿಸುವುದು ಮ್ಯಾಕ್ಯುಲಾ ಇನ್ನೂ ಅಂಟಿಕೊಂಡಿದೆಯೇ ಎಂಬುದನ್ನು. ಅದು ಅಂಟಿಕೊಂಡಿದ್ದಾಗಲೇ ಶಸ್ತ್ರಚಿಕಿತ್ಸೆ ನಡೆದರೆ, ಓದುವ ಬರೆಯುವ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಆದ್ದರಿಂದ ಇಂಥ ರೋಗಿಗಳಿಗೆ ಅದೇ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ ಮಾಡಲು ಯತ್ನಿಸಲಾಗುತ್ತದೆ. ಮ್ಯಾಕ್ಯುಲಾ ಕಳಚಿದ ಮೇಲೂ ಮೊದಲ ಮೂರು ದಿನಗಳೊಳಗೆ ಸರಿಪಡಿಸಿದರೆ ಫಲ ಉತ್ತಮವೆಂದು ಅಧ್ಯಯನಗಳು ತೋರಿಸಿವೆ. ವಾರಗಳು ಕಳೆದಂತೆ, ಅಕ್ಷಿಪಟಲವನ್ನು ಮರಳಿ ಅಂಟಿಸಲು ಸಾಧ್ಯವಾದರೂ ಕಳೆದುಹೋದ ನೋಟವು ಪೂರ್ಣವಾಗಿ ಹಿಂದಿರುಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಅಕ್ಷಿಪಟಲವು ಮಡಿಕೆಮಡಿಕೆಯಾಗಿ ಸೆಟೆದುಕೊಳ್ಳುತ್ತದೆ.

ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಇತ್ಯಾದಿಗಳನ್ನು ಹಾಕುವುದರಿಂದಾಗಲಿ, ಅಂಗಡಿಯಲ್ಲಿ ಕೇಳಿ ತಂದ ಹನಿಗಳಿಂದಾಗಲಿ, ಹೊಸ ಕನ್ನಡಕದಿಂದಾಗಲಿ ಈ ಕಾಯಿಲೆ ಗುಣವಾಗದು. ಇವುಗಳಲ್ಲಿ ಕಳೆಯುವ ಪ್ರತಿ ದಿನವೂ ನಷ್ಟದ ದಿನ.

ಚಿಕಿತ್ಸೆ ಬೆಳೆದುಬಂದ ದಾರಿ

ನೂರು ವರ್ಷಗಳ ಹಿಂದೆ ಕಳಚಿದ ಅಕ್ಷಿಪಟಲಕ್ಕೆ ಚಿಕಿತ್ಸೆಯೇ ಇಲ್ಲವೆಂಬ ನಂಬಿಕೆ ವೈದ್ಯರಲ್ಲಿಯೂ ಇತ್ತು. ರೋಗಿಗಳನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸಲಾಗುತ್ತಿತ್ತು, ಹೆಚ್ಚಿನವರು ಕುರುಡರಾಗುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದ ವೈದ್ಯ ಜೂಲ್ ಗೋನಿನ್ (1870–1935) ಅವರು ಕಳಚುವಿಕೆಗೆ ಮೂಲ ಅಕ್ಷಿಪಟಲದ ಹರಕು ಎಂದೂ, ಅದನ್ನು ಹುಡುಕಿ ಮುಚ್ಚಿದರೆ ಕಣ್ಣು ಉಳಿಯುವುದೆಂದೂ 1920ರ ದಶಕದಲ್ಲಿ ತೋರಿಸಿಕೊಟ್ಟರು. ಗೋಡೆಯ ಉಬ್ಬನ್ನು ಒತ್ತುವುದಕ್ಕಿಂತ ಬಿರುಕನ್ನು ಮುಚ್ಚುವುದು ಮುಖ್ಯ ಎಂಬ ಈ ತತ್ತ್ವವೇ ಇಂದಿನ ಎಲ್ಲ ಚಿಕಿತ್ಸೆಗಳಿಗೂ ಆಧಾರವಾಗಿದೆ.

ಶತಮಾನದ ಮಧ್ಯಭಾಗದಲ್ಲಿ ಕಣ್ಣಿನ ಹೊರಗೋಡೆಗೆ ಪಟ್ಟಿಯನ್ನು ಹೊಲಿದು, ಗೋಡೆಯನ್ನೇ ಒಳಕ್ಕೆ ಒತ್ತಿ ಹರಕನ್ನು ಮುಚ್ಚುವ ವಿಧಾನ ಬಂದಿತು. ಕಳಚುವಿಕೆಯ ಚಿಕಿತ್ಸೆಗೆ ಹೊಸ ರೂಪ ಕೊಟ್ಟವರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನೆಲೆಸಿದ್ದ ಡಾ. ಚಾರ್ಲ್ಸ್ ಶೆಪೆನ್ಸ್ ಪ್ರಮುಖರು. ಅವರಲ್ಲಿ ತರಬೇತಿ ಪಡೆದ ಡಾ. ಎಸ್. ಎಸ್. ಬದರೀನಾಥ್ ಅವರು ಭಾರತಕ್ಕೆ ಮರಳಿ, 1978ರಲ್ಲಿ ಮದರಾಸಿನಲ್ಲಿ ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು. ದೇಶದಲ್ಲಿ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಹೈದರಾಬಾದಿನಲ್ಲಿ 1987ರಲ್ಲಿ ಡಾ. ಗುಲ್ಲಪಲ್ಲಿ ಎನ್. ರಾವ್ ಅವರಿಂದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ಆರಂಭವಾಯಿತು.

ದೊಡ್ಡ ತಿರುವು ಬಂದುದು 1970ರ ಆಸುಪಾಸಿನಲ್ಲಿ. ಅಮೆರಿಕದ ಮಯಾಮಿಯಲ್ಲಿದ್ದ ಡಾ. ರಾಬರ್ಟ್ ಮಾಕೆಮರ್ ಅವರು ಕಣ್ಣಿನ ಒಳಕ್ಕೆ ಕಿರಿದಾದ ಉಪಕರಣವನ್ನು ತೂರಿಸಿ ವಿಟ್ರಿಯಸ್ ಲೋಳೆಯನ್ನು ಕತ್ತರಿಸಿ ಹೀರುವ ವಿಧಾನವನ್ನು ರೂಪಿಸಿದರು. ಇದಕ್ಕೆ ವಿಟ್ರೆಕ್ಟಮಿ ಎಂದು ಹೆಸರು. ಅನಂತರದ ದಶಕಗಳಲ್ಲಿ ಬಳಕೆಯಲ್ಲಿದ್ದ ಉಪಕರಣಗಳ ದಪ್ಪ ಸುಮಾರು 0.9 ಮಿಲಿಮೀಟರ್. ಅವುಗಳನ್ನು ತೂರಿಸಲು ಮಾಡಿದ ಗಾಯಗಳಿಗೆ ಹೊಲಿಗೆ ಬೇಕಾಗುತ್ತಿತ್ತು. 2002ರಲ್ಲಿ ಸುಮಾರು 0.5 ಮಿಲಿಮೀಟರಿನ, 2005ರಲ್ಲಿ ಸುಮಾರು 0.6 ಮಿಲಿಮೀಟರಿನ ಹಾಗೂ 2010ರಲ್ಲಿ ಸುಮಾರು 0.4 ಮಿಲಿಮೀಟರಿನ ಉಪಕರಣಗಳ ಬಳಕೆ ವರದಿಯಾಯಿತು. ಸೂಕ್ಷ್ಮ ರಂಧ್ರದ ಶಸ್ತ್ರಚಿಕಿತ್ಸೆ ಎಂದು ಇಂದು ಕರೆಯುವುದು ಇದನ್ನೇ.

ಶಸ್ತ್ರಚಿಕಿತ್ಸೆ ನಡೆಯುವ ಕ್ರಮ

ಮೊದಲು ಹನಿ ಹಾಕಿ ಕಣ್ಣಿನ ಪಾಪೆಯನ್ನು ಹಿಗ್ಗಿಸಿ, ತಲೆಗೆ ಧರಿಸುವ ದೀಪದ ಉಪಕರಣದಿಂದ ಅಕ್ಷಿಪಟಲವನ್ನು ಅಂಚಿನವರೆಗೂ ಪರೀಕ್ಷಿಸಲಾಗುತ್ತದೆ. ಪೊರೆ ಅಥವಾ ರಕ್ತಸ್ರಾವದಿಂದ ಒಳಭಾಗ ಕಾಣದಿದ್ದರೆ ಅಲ್ಟ್ರಾಸೌಂಡ್ ಪರೀಕ್ಷೆ ನೆರವಾಗುತ್ತದೆ.

ಬಹುತೇಕ ವಯಸ್ಕರಿಗೆ ಕಣ್ಣಿನ ಸುತ್ತ ಚುಚ್ಚುಮದ್ದು ನೀಡಿ ಆ ಭಾಗವನ್ನಷ್ಟೇ ಮರಗಟ್ಟಿಸಲಾಗುತ್ತದೆ. ಕಪ್ಪುಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ, ಬಿಳಿಭಾಗದಲ್ಲಿ ಮೂರು ಸಣ್ಣ ರಂಧ್ರಗಳನ್ನು ಮಾಡಿ ಕಿರುಕೊಳವೆಗಳನ್ನು ಕೂರಿಸಲಾಗುತ್ತದೆ. ಸ್ಥಳದ ಆಯ್ಕೆಗೆ ಕಾರಣವಿದೆ: ಇದಕ್ಕಿಂತ ಮುಂದೆ ಹೋದರೆ ಮಸೂರಕ್ಕೂ, ಹಿಂದೆ ಹೋದರೆ ಅಕ್ಷಿಪಟಲಕ್ಕೂ ಪೆಟ್ಟಾಗುವ ಸಂಭವವಿದೆ. ಮೊದಲ ರಂಧ್ರದ ಮೂಲಕ ದ್ರವವು ಸತತವಾಗಿ ಒಳಹರಿದು ಕಣ್ಣುಗುಡ್ಡೆಯು ಕುಸಿಯದಂತೆ ನೋಡಿಕೊಳ್ಳುತ್ತದೆ. ಎರಡನೆಯದರಿಂದ ಬೆಳಕಿನ ಎಳೆ ಒಳಹೋಗುತ್ತದೆ. ಮೂರನೆಯದರಿಂದ ಕತ್ತರಿಸುವ ಉಪಕರಣ, ಲೇಸರ್ ಎಳೆ ಅಥವಾ ಸೂಕ್ಷ್ಮ ಇಕ್ಕಳ ಒಳಹೋಗುತ್ತದೆ. ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ಮೂಲಕ ನೋಡುತ್ತ ಕೆಲಸ ಮಾಡುತ್ತಾರೆ.

ಕತ್ತರಿಸುವ ಉಪಕರಣವು ನಿಮಿಷಕ್ಕೆ ಸಾವಿರಾರು ಬಾರಿ ಚಲಿಸಿ ಲೋಳೆಯನ್ನು ಅತಿ ಸಣ್ಣ ಚೂರುಗಳಾಗಿ ತೆಗೆಯುತ್ತದೆ. ಇದರಿಂದ ಹರಕಿನ ಮೇಲಿನ ಜಗ್ಗಾಟ ತಪ್ಪುತ್ತದೆ. ಬಳಿಕ ಅಕ್ಷಿಪಟಲದ ಹಿಂದೆ ಸೇರಿದ ದ್ರವವನ್ನು ಹೀರಿ, ಅದನ್ನು ಸ್ವಸ್ಥಾನಕ್ಕೆ ಒರಗಿಸಲಾಗುತ್ತದೆ. ಹರಕಿನ ಸುತ್ತ ಲೇಸರ್ ಅಥವಾ ಅತಿಶೀತ ಸ್ಪರ್ಶದಿಂದ ಬೆಸುಗೆ ಹಾಕಲಾಗುತ್ತದೆ. ಈ ಬೆಸುಗೆ ಗಟ್ಟಿಯಾಗಲು ಸುಮಾರು ಎರಡು ವಾರಗಳು ಬೇಕು. ಅಲ್ಲಿಯವರೆಗೆ, ಹೊಸದಾಗಿ ಅಂಟಿಸಿದ ಕಾಗದವನ್ನು ಅಂಗೈಯಿಂದ ಒತ್ತಿ ಹಿಡಿಯುವಂತೆ, ಒಳಗಿನಿಂದ ಅಕ್ಷಿಪಟಲವನ್ನು ಒತ್ತಿಹಿಡಿಯಲು ಕಣ್ಣಿನೊಳಗೆ ಅನಿಲ ಅಥವಾ ಸಿಲಿಕೋನ್ ಎಣ್ಣೆಯನ್ನು ತುಂಬಲಾಗುತ್ತದೆ. ಕೊನೆಗೆ ಕೊಳವೆಗಳನ್ನು ತೆಗೆದಾಗ ರಂಧ್ರಗಳು ಹೆಚ್ಚಾಗಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸೋರಿಕೆ ಕಂಡರೆ ಒಂದು ಹೊಲಿಗೆ ಹಾಕಲಾಗುತ್ತದೆ. ಅನೇಕ ರೋಗಿಗಳು ಅದೇ ದಿನ ಮನೆಗೆ ಮರಳಬಹುದು.

ಎಲ್ಲರಿಗೂ ಇದೇ ವಿಧಾನ ಸೂಕ್ತವೆಂದಲ್ಲ. ಎಳೆಯ ವಯಸ್ಸಿನವರಲ್ಲಿ, ಲೋಳೆಯು ಇನ್ನೂ ಗಟ್ಟಿಯಾಗಿರುವಾಗ, ಹೊರಗಿನಿಂದ ಪಟ್ಟಿ ಹೊಲಿಯುವ ಹಳೆಯ ವಿಧಾನವೇ ಮೇಲಾಗಬಹುದು. ಹರಕು ಒಂದೇ ಇದ್ದು ಮೇಲ್ಭಾಗದಲ್ಲಿದ್ದರೆ, ಅನಿಲದ ಗುಳ್ಳೆಯನ್ನು ಚುಚ್ಚುಮದ್ದಿನಂತೆ ಸೇರಿಸಿ, ಲೇಸರ್ ಅಥವಾ ಅತಿಶೀತ ಬೆಸುಗೆಯೊಂದಿಗೆ ಗುಣಪಡಿಸುವ ವಿಧಾನವೂ ಇದೆ. ಆಯ್ಕೆಯನ್ನು ತಜ್ಞರು ಕಣ್ಣಿನ ಸ್ಥಿತಿಯನ್ನು ನೋಡಿ ನಿರ್ಧರಿಸುತ್ತಾರೆ.

ಚಿಕಿತ್ಸೆಯ ನಂತರದ ಎಚ್ಚರಗಳು

ಅನಿಲದ ಗುಳ್ಳೆ ಹಗುರವಾದುದರಿಂದ ಸದಾ ಮೇಲಕ್ಕೇರುತ್ತದೆ. ಅದು ಹರಕಿನ ಮೇಲೆಯೇ ಒತ್ತಬೇಕಾದರೆ ತಲೆಯನ್ನು ಸೂಕ್ತ ಭಂಗಿಯಲ್ಲಿ ಇಡಬೇಕಾಗುತ್ತದೆ. ಆದ್ದರಿಂದ ಕೆಲವರಿಗೆ ಹಲವು ದಿನ ಮುಖ ಕೆಳಗೆ ಮಾಡಿ ಮಲಗುವಂತೆಯೂ, ಕೆಲವರಿಗೆ ಒಂದು ಪಕ್ಕಕ್ಕೆ ಮಲಗುವಂತೆಯೂ ಸೂಚಿಸಲಾಗುತ್ತದೆ. ಇದು ಚಿಕಿತ್ಸೆಯ ಮುಂದುವರಿದ ಭಾಗವೇ ಆಗಿದೆ. ಮನೆಯವರು ಊಟ, ಸ್ನಾನ, ಔಷಧಗಳ ವಿಷಯದಲ್ಲಿ ನೆರವಾದರೆ ರೋಗಿಯು ಈ ಶಿಸ್ತನ್ನು ಪಾಲಿಸುವುದು ಸುಲಭ. ಗುಳ್ಳೆ ಇರುವ ತನಕ ಆ ಕಣ್ಣಿನ ನೋಟ ತೀರ ಮಸುಕಾಗಿರುತ್ತದೆ. ಗುಳ್ಳೆ ಕರಗಿದಂತೆ ನೀರಿನ ಮಟ್ಟದಂಥ ಗೆರೆ ಕಂಡು, ಅದು ಕೆಳಗಿಳಿಯುತ್ತ ಹೋಗುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ. ಬಳಸಿದ ಅನಿಲವನ್ನು ಅವಲಂಬಿಸಿ ಗುಳ್ಳೆಯು ಸುಮಾರು ಎರಡು ವಾರಗಳಿಂದ ಎಂಟು ವಾರಗಳವರೆಗೆ ಉಳಿಯಬಹುದು. ಸಿಲಿಕೋನ್ ಎಣ್ಣೆ ತಾನಾಗಿ ಕರಗದು. ಅದನ್ನು ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಮತ್ತೊಂದು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಎಣ್ಣೆ ತುಂಬಿಸಿಕೊಂಡವರು ನೋಟ ಬಂತೆಂದು ಮರುಭೇಟಿಯನ್ನು ಕೈಬಿಡಬಾರದು.

ದೂರದ ಊರುಗಳಿಂದ ಬಂದವರು ಗಮನಿಸಲೇಬೇಕಾದ ವಿಷಯವೊಂದಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗಿ, ಕಣ್ಣಿನೊಳಗಿನ ಅನಿಲ ಹಿಗ್ಗುತ್ತದೆ. ಆಗ ಕಣ್ಣಿನ ಒತ್ತಡ ಅಪಾಯಕಾರಿಯಾಗಿ ಏರಿ, ದೃಷ್ಟಿನರಕ್ಕೆ ರಕ್ತವೇ ತಲುಪದಂತಾಗಬಹುದು. ಆದುದರಿಂದ ಗುಳ್ಳೆ ಪೂರ್ಣವಾಗಿ ಕರಗುವವರೆಗೆ ವಿಮಾನ ಪ್ರಯಾಣ ಸರ್ವಥಾ ನಿಷಿದ್ಧ. ರಸ್ತೆ ಅಥವಾ ರೈಲಿನಲ್ಲಿ ಹೋಗುವವರೂ ತಮ್ಮ ಊರಿನ ಹೆಸರನ್ನೂ ಹೋಗುವ ದಾರಿಯನ್ನೂ ವೈದ್ಯರಿಗೆ ತಿಳಿಸಬೇಕು. ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದ್ದರೆ ಬೆಂಗಳೂರು ಸುಮಾರು 920 ಮೀಟರ್, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿವೆ. ಎತ್ತರದ ಊರಿಗೆ ಮರಳಬೇಕಾದವರಿಗೆ ಕೆಲವು ದಿನ ತಡೆದು ಹೊರಡುವಂತೆ ವೈದ್ಯರು ಸಲಹೆ ನೀಡಬಹುದು.

ಈ ಅವಧಿಯಲ್ಲಿ ಹಲ್ಲಿಗಾಗಲಿ ಬೇರಾವುದೇ ಕಾರಣಕ್ಕಾಗಲಿ ಅರಿವಳಿಕೆ ಬೇಕಾದರೆ, ಕಣ್ಣಿನಲ್ಲಿ ಅನಿಲವಿದೆಯೆಂದು ಮೊದಲೇ ಹೇಳತಕ್ಕದ್ದು. ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಅನಿಲವು ಗುಳ್ಳೆಯೊಳಕ್ಕೆ ಸೇರಿ ಅದನ್ನು ವೇಗವಾಗಿ ಹಿಗ್ಗಿಸುತ್ತದೆ. ತೀವ್ರವಾದ ನೋವು, ಹೆಚ್ಚುತ್ತಿರುವ ಕೆಂಪು, ಕೀವು ಅಥವಾ ಮತ್ತೆ ನೆರಳು ಕಂಡರೆ ಕೂಡಲೇ ಆಸ್ಪತ್ರೆಗೆ ಮರಳಬೇಕು.

ಫಲಿತಾಂಶ ಮತ್ತು ಮಿತಿಗಳು

ಒಂದೇ ಶಸ್ತ್ರಚಿಕಿತ್ಸೆಯಿಂದ ಸುಮಾರು ಶೇ. 85ರಿಂದ 90ರಷ್ಟು ಕಣ್ಣುಗಳಲ್ಲಿ ಅಕ್ಷಿಪಟಲವು ಮರಳಿ ಅಂಟುತ್ತದೆ. ಮತ್ತೊಮ್ಮೆ ಚಿಕಿತ್ಸೆ ಮಾಡಿದಾಗ ಈ ಪ್ರಮಾಣ ಇನ್ನೂ ಹೆಚ್ಚುತ್ತದೆ. ಆದರೆ ಅಕ್ಷಿಪಟಲ ಅಂಟುವುದು ಬೇರೆ, ನೋಟ ಮರಳುವುದು ಬೇರೆ. ಮೊದಲನೆಯದು ಬಹುಮಟ್ಟಿಗೆ ಶಸ್ತ್ರವೈದ್ಯರ ಕೈಯಲ್ಲಿದ್ದರೆ, ಎರಡನೆಯದು ರೋಗಿಯು ಎಷ್ಟು ಬೇಗ ಬಂದನೆಂಬುದರ ಮೇಲೆ ನಿಂತಿದೆ. ಕೆಲವರಲ್ಲಿ ಚಿಕಿತ್ಸೆಯ ನಂತರ ಅಕ್ಷಿಪಟಲದ ಮೇಲೆ ಗಾಯದ ಪೊರೆ ಬೆಳೆದು ಮತ್ತೆ ಎಳೆಯಬಹುದು. ತಡವಾಗಿ ಬಂದವರಲ್ಲಿ ಈ ತೊಡಕು ಹೆಚ್ಚು. 50 ವರ್ಷ ಮೀರಿದವರಲ್ಲಿ ವಿಟ್ರೆಕ್ಟಮಿಯ ನಂತರ ಒಂದೆರಡು ವರ್ಷಗಳಲ್ಲಿ ಮಸೂರದ ಪೊರೆ ಬೆಳೆಯುವುದು ಸಾಮಾನ್ಯ. ಅದನ್ನು ಎಂದಿನಂತೆ ತೆಗೆಯಬಹುದು. ಅಪರೂಪವಾಗಿ ಸೋಂಕು, ರಕ್ತಸ್ರಾವ, ಕಣ್ಣಿನ ಒತ್ತಡದ ಏರಿಕೆ ಉಂಟಾಗಬಹುದು.

ಎಲ್ಲಿ ಹೋಗಬೇಕು?

ಲಕ್ಷಣಗಳು ಕಂಡ ದಿನವೇ ಹತ್ತಿರದ ಕಣ್ಣಿನ ವೈದ್ಯರನ್ನು ಅಥವಾ ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗವನ್ನು ಕಾಣಬೇಕು. ಪಾಪೆಯನ್ನು ಹಿಗ್ಗಿಸಿ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ನೋಟ ಮಸುಕಾಗುವುದರಿಂದ ವಾಹನ ಓಡಿಸಕೂಡದು. ಜೊತೆಯಲ್ಲಿ ಒಬ್ಬರಿರುವುದು ಲೇಸು. ಅಕ್ಷಿಪಟಲದ ಶಸ್ತ್ರಚಿಕಿತ್ಸೆಗೆ ವಿಶೇಷ ತರಬೇತಿ ಮತ್ತು ಉಪಕರಣಗಳು ಬೇಕಾಗುವುದರಿಂದ ಅದು ದೊಡ್ಡ ಕೇಂದ್ರಗಳಲ್ಲಿ ಮಾತ್ರ ನಡೆಯುತ್ತದೆ. ಸರ್ಕಾರಿ ವಲಯದಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಹಾಗೂ ಹೈದರಾಬಾದಿನ ಸರೋಜಿನಿದೇವಿ ಕಣ್ಣಾಸ್ಪತ್ರೆಗಳು ಹೆಸರಾಂತ ಕೇಂದ್ರಗಳು. ವೈದ್ಯರು ಬೇರೆ ಊರಿಗೆ ಕಳುಹಿಸಿದರೆ, ಹೊರಡುವ ಮೊದಲೇ ದೂರವಾಣಿಯಲ್ಲಿ ವಿಚಾರಿಸಿ ಅಕ್ಷಿಪಟಲ ತಜ್ಞರು ಅಂದು ಇರುವರೇ ಎಂದು ಖಚಿತಪಡಿಸಿಕೊಂಡರೆ ಒಂದು ದಿನ ಉಳಿಯುತ್ತದೆ.

ಖರ್ಚಿನ ಚಿಂತೆಯೇ ಅನೇಕರನ್ನು ತಡೆಯುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯು ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆ ನೀಡುತ್ತದೆ. ಕರ್ನಾಟಕದಲ್ಲಿಯೂ ಇದು ಜಾರಿಯಲ್ಲಿದೆ. ಅಕ್ಷಿಪಟಲದ ಶಸ್ತ್ರಚಿಕಿತ್ಸೆಗಳೂ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಸೇರಿವೆ. ಯಾವ ಆಸ್ಪತ್ರೆಯಲ್ಲಿ, ಯಾವ ರಾಜ್ಯದಲ್ಲಿ ಕಾರ್ಡು ಅನ್ವಯಿಸುತ್ತದೆ, ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಅಥವಾ 14555 ಸಹಾಯವಾಣಿಯಲ್ಲಿ ವಿಚಾರಿಸಬಹುದು. ಆದರೆ ಕಾಗದಪತ್ರಗಳ ಹುಡುಕಾಟದಲ್ಲಿ ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು.

ಪೊರೆ ಕಾಯಬಲ್ಲದು, ಅಕ್ಷಿಪಟಲ ಕಾಯಲಾರದು. ಮಿಂಚು, ಹೊಸ ಚುಕ್ಕೆಗಳು, ನೆರಳು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಕಣ್ಣಿನ ಪರೀಕ್ಷೆಯಾಗಬೇಕು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೆ ಹೋದದ್ದು ಒಂದು ದಿನದ ಕೂಲಿ. ಪರೀಕ್ಷೆಯನ್ನೇ ಮಾಡಿಸದೆ ಬಿಟ್ಟರೆ ಹೋಗುವುದು ಕಣ್ಣು. ಈ ಮಾತನ್ನು ಮನೆಯ ಹಿರಿಯರಿಗೂ, ಊರು ಬಿಟ್ಟು ಓದಲು ಹೋದ ಮಕ್ಕಳಿಗೂ ತಿಳಿಸುವುದು ಪ್ರತಿ ಕುಟುಂಬದ ಕರ್ತವ್ಯವಾಗಿದೆ.